ಹಾಡಿನಲ್ಲಿ ತವರಿಗೆ, ಸಿ.ಡಿ.ಯಲ್ಲಿ ಸ್ವರ್ಗಕ್ಕೆ

ಕುಷ್ಟಗಿ
೯ ಫೆಬ್ರುವರಿ ೨೦೦೪, ಸೋಮವಾರ

ಮನೆಯವರಿಗೆ ರೇಣುಕಾದೇವಿಯ ನಮಸ್ಕಾರಗಳು.

ಗಂಟಲು ಹೇಗಿದೆ? ಹಾಡಿನ ತಂಡ ಕಟ್ಟಿಕೊಂಡು ಗಂಗಾವತಿ ಕಡೆ ಹೋಗಿ ಮೂರು ವಾರವಾಯಿತು. ಕಾರ್ಯಕ್ರಮ ಮುಗಿದ ಕೂಡಲೇ ತಣ್ಣನೆಯ ಸೋಡಾ ಕುಡಿಯುತ್ತೀರೆಂದು ಕೇಳಿದೆ, ಬೇಡ. ಅತ್ತೆಯವರ ಮೊಣಕಾಲು ನೋವು ಕಡಿಮೆಯಾಗಿದೆ. ನಾನು ಊರವರ ಪಾಲಿಗೆ ತೀರಿಕೊಂಡಿದ್ದೇನೆ, ಉಳಿದಂತೆ ಆರಾಮ.

ನಾನು ಯಲಬುರ್ಗಾದ ತವರಿಗೆ ಹೋಗಿ ಹದಿನೈದು ದಿನ ಕೂತಾಗ ನೀವು ಕಟ್ಟಿದ ಹಾಡಲ್ಲವೇ ಇದಕ್ಕೆಲ್ಲ ಮೂಲ? ರೊಟ್ಟಿ ಬಡಿಯಲು ಬಾರದ ಗಂಡ, ಬೇಗ ಬಾ ಎಂದು ಹೆಂಡತಿಯನ್ನು ಕರೆಯುವ ಹಾಡು. ಕ್ಯಾಸೆಟ್ಟಿನಲ್ಲಿ ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ವಿಡಿಯೋ ಮಾಡುವಾಗ ಆ ಡೈರೆಕ್ಟರ್ ಗೋವಿಂದರಾಜ ನಿಮಗೆ ಬಿಳಿ ಪಂಚೆ ಉಡಿಸಿ, ಆನೆಗೊಂದಿಯ ಬಂಡೆಯ ಮೇಲೆ ಕೂರಿಸಿ, ಕಣ್ಣಿಗೆ ಗ್ಲಿಸರಿನ್ ಹಚ್ಚಿ, ನಮ್ಮ ಮದುವೆ ಫೋಟೋದಲ್ಲಿ ನಾನಿರುವ ಅರ್ಧವನ್ನು ಕತ್ತರಿಸಿ ಅದಕ್ಕೆ ಹಾರ ಹಾಕಿಬಿಟ್ಟ. ಹಾಡಿನ ಒಂದು ಮಾತೂ ಬದಲಾಗಲಿಲ್ಲ. ತವರಿಗೆ ಹೋದವಳು ಮಾತ್ರ ಸ್ವರ್ಗಕ್ಕೆ ಹೋದಳು. ಈಗ ಬಸ್ ಸ್ಟ್ಯಾಂಡಿನ ಸಿ.ಡಿ. ಅಂಗಡಿಯ ಮುಂದೆ ನಿಂತ ಹೆಂಗಸರು ರೊಟ್ಟಿಯ ಸಾಲು ಬಂದೊಡನೆ ಸೆರಗಿನಿಂದ ಕಣ್ಣೊರೆಸುತ್ತಾರೆ.

ಮೊನ್ನೆ ತಾವರಗೇರಾದಿಂದ ದೇವೇಂದ್ರಪ್ಪ ಎಂಬ ಹಿರಿಯರು ತಂಗಿಯ ಮಗಳನ್ನು ನಿಮಗೆ ಕೊಡುವ ಮಾತಾಡಲು ಬಂದರು. ಚಹಾ ಕೊಟ್ಟೆ. “ಅಡಿಗಿಗೆ ಇಟ್ಟಾರೇನವ್ವಾ ನಿನ್ನ?” ಎಂದರು. “ಹೌದ್ರಿ, ಐದು ವರ್ಷ ಆತು. ಪಗಾರ ಇಲ್ಲ” ಎಂದೆ. ಅತ್ತೆಯವರು ಒಳಗಿನಿಂದ ಬಂದು, “ಆಕೀನ ನನ್ನ ಸೊಸಿರೀ! ಗಟ್ಟಿಮುಟ್ಟ ಅದಾಳ!” ಎಂದು ಕೂಗಿದರು. ಪಾಪ, ಆ ಮನುಷ್ಯ ನನಗೆ ಕೈಮುಗಿದು, “ತಪ್ಪಾತ್ರಿ ತಾಯಿ, ಸಿ.ಡಿ.ದಾಗ ನೋಡಿದ್ದೆ” ಎಂದು ಚಹಾ ಅರ್ಧಕ್ಕೇ ಬಿಟ್ಟು ಹೋದರು.

ಅದಕ್ಕೆ ಅತ್ತೆ ಸೊಸೆ ಇಬ್ಬರೂ ನಕ್ಕೆವು. ನಿನ್ನೆ ನಿಮ್ಮ ಢೋಲಕ್ ಬಾರಿಸುವ ನೂರಸಾಬಣ್ಣ ಬಂದು ಹೇಳಿದ್ದಕ್ಕೆ ನಗು ಬರಲಿಲ್ಲ. ಗಂಗಾವತಿಯಲ್ಲಿ ಒಬ್ಬ ಮುದುಕಿ, “ಯಪ್ಪಾ, ಹೇಣ್ತಿಗೆ ಏನಾಗಿತ್ತು?” ಎಂದು ಕೇಳಿದಾಗ ನೀವು ಆಕಾಶ ನೋಡಿ ಟವೆಲಿನಿಂದ ಕಣ್ಣೊರೆಸಿಕೊಂಡಿರಂತೆ. ಜನ ಚಪ್ಪಾಳೆ ಹೊಡೆದರಂತೆ. ಗೋವಿಂದರಾಜ ಹಾರ ಹಾಕಿದ್ದನ್ನು ಹೊಟ್ಟೆಗೆ ಹಾಕಿಕೊಂಡೆ. ಅವಳು ಬದುಕಿದ್ದಾಳೆ ಎಂದು ನೀವೇ ಹೇಳಲಿಲ್ಲವಲ್ಲ, ಅದು ಚುಚ್ಚುತ್ತಿದೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ
ರೇಣುಕಾದೇವಿ

ಅವಸರದಲ್ಲಿ: ಈ ಪತ್ರ ತರುವ ನೂರಸಾಬಣ್ಣ ಬಸ್ಸಿಗೆ ಹೊರಟು ನಿಂತಿದ್ದಾನೆ. ಬೆಳಿಗ್ಗೆ ದವಾಖಾನೆಗೆ ಹೋಗಿದ್ದೆ. ಎರಡು ತಿಂಗಳು ತುಂಬಿವೆ ಎಂದರು ಡಾಕ್ಟರಮ್ಮ. ಏಳನೇ ತಿಂಗಳಿಗೆ ಕುಬಸ ಮಾಡಿ ಉಡಿ ತುಂಬಬೇಕು. ಸತ್ತವಳಿಗೆ ಹಸಿರು ಬಳೆ ತೊಡಿಸಲು ಯಾರು ಬರುತ್ತಾರೆ? ನಾಳೆ ಮೈಕ್ ಹಿಡಿದೊಡನೆ, ಹಾಡುವ ಮೊದಲು, ನನ್ನನ್ನು ಬದುಕಿಸಿಬಿಡಿ.