ಕಚ್ಚಿದ ಮಗು

ಪ್ರೀತಿಯ ಅಪ್ಪನಿಗೆ,

ಮಕ್ಕಳ ವಾರ್ಡಿನ ತರಬೇತಿ ಬಿಟ್ಟು ನಿಮ್ಮ ಸ್ನೇಹಿತರ ಕಣ್ಣಿನ ಆಸ್ಪತ್ರೆಗೆ ಸೇರಿಕೊಳ್ಳುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ಒಪ್ಪಿಕೊಂಡಿದ್ದೆ. ನಿಜವಾಗಿಯೂ ಸಾಕಾಗಿಹೋಗಿತ್ತು. ಈಗಲೂ ಸುಸ್ತು ಇಳಿದಿಲ್ಲ, ನಿಂತಲ್ಲೇ ತೂಕಡಿಸುತ್ತೇನೆ.

ನ್ಯುಮೋನಿಯಾ ಆಗಿ ಬಂದ ಒಬ್ಬಳು ಪುಟ್ಟ ಹುಡುಗಿ ನನ್ನ ಪಾಲಿಗೆ ಬಿದ್ದಿದ್ದಳು. ಸೂಜಿ ಚುಚ್ಚಿದರೂ ಅಳುತ್ತಿರಲಿಲ್ಲ. ಅಳದ ಮಕ್ಕಳನ್ನು ಕಂಡರೇ ನನಗೆ ಭಯ, ಅಪ್ಪ; ಅಳುವಷ್ಟು ಶಕ್ತಿಯೂ ಉಳಿದಿಲ್ಲ ಎಂದರ್ಥ. ಅವಳ ತಾಯಿ, "ನಮ್ ಮಗು ಎಷ್ಟು ಜಾಣೆ ನೋಡಿ, ಒಂಚೂರೂ ಹಟ ಮಾಡಲ್ಲ" ಎಂದಾಗಲೆಲ್ಲ ನಾನು ತಲೆಯಾಡಿಸಿ ಹೊರಗೆ ಬಂದುಬಿಡುತ್ತಿದ್ದೆ.

ಇವತ್ತು ಬೆಳಿಗ್ಗೆ ಸೂಜಿ ಹಿಡಿದು ಅವಳ ಮೇಲೆ ಬಗ್ಗಿದ್ದೇ ತಡ, ಗಬಕ್ಕನೆ ನನ್ನ ಕೈ ಕಚ್ಚಿದಳು. ಬಿಡಲೇ ಇಲ್ಲ.

"ಅಯ್ಯೋ, ಬಿಡೇ! ಡಾಕ್ಟ್ರಮ್ಮನ ಕೈ ಅದು!" ಎಂದು ತಾಯಿ ಗಾಬರಿಯಾದರು.

"ಕಚ್ಚಲಿ ಬಿಡಿ. ಇನ್ನೂ ಜೋರಾಗಿ ಕಚ್ಚಲಿ" ಎಂದೆ.

ಆಮೇಲೆ ಅತ್ತಳು ನೋಡಿ, ಇಡೀ ವಾರ್ಡು ಕಿವಿ ಮುಚ್ಚಿಕೊಂಡಿತು. ನಾನು ಔಷಧಿ ಕೋಣೆಗೆ ಹೋಗಿ, ಹಲ್ಲಿನ ಗಾಯ ತೊಳೆದು ಪಟ್ಟಿ ಕಟ್ಟಿಕೊಂಡೆ.

ನಿಮ್ಮ ಸ್ನೇಹಿತರಿಗೆ ಫೋನ್ ಮಾಡಿ, ಬರುವುದಿಲ್ಲವೆಂದು ಹೇಳಿದ್ದೇನೆ. ನಿಮ್ಮ ಕಡೆಯಿಂದಲೂ ಒಂದು ಮಾತು ಹೇಳಿಬಿಡಿ, ಬೇಸರ ಮಾಡಿಕೊಳ್ಳಬೇಡಿ. ಅಮ್ಮನಿಗೆ ಮಾತ್ರ ಗಾಯದ ಸುದ್ದಿ ಬೇಡ, ಊಟ ಬಿಟ್ಟು ಕೂತುಬಿಡುತ್ತಾಳೆ.

ನಾಳೆಯೂ ಹುಡುಗಿಗೆ ಸೂಜಿ ಇದೆ. "ಆ ಡಾಕ್ಟ್ರು ಬೇಡವೇ ಬೇಡ" ಎಂದು ಈಗಲೇ ಹಟ ಹಿಡಿದಿದ್ದಾಳಂತೆ. ನಾನೇ ಹೋಗುತ್ತೇನೆ.

ನಿದ್ದೆಗಣ್ಣಿನ,
ನಿಮ್ಮ ಮಗಳು