ಕರೆಯದೆ ಬರುವವರು

ಗುಡಿಬಂಡೆ, ಮಡಕಶಿರಾ
೧೩-೩-೨೦೨೫, ಗುರುವಾರ

ನನ್ನ ಬಂಗಾರ ಮಂಜುಳಂಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದ. ರಾಯದುರ್ಗದಲ್ಲಿ ನೀನು, ಅಳಿಯ ಈಶ್ವರ್ ಚೆನ್ನಾಗಿದ್ದೀರಿ ಅಂದುಕೊಂಡಿದ್ದೀನಿ. ಜೀನ್ಸ್ ಹೊಲಿದು ಹೊಲಿದು ಬಂದ ಬೆನ್ನುನೋವು ಹೇಗಿದೆ? ಬರೆಯೋದು ತಡವಾಯ್ತು, ಬೇಜಾರು ಮಾಡ್ಕೋಬೇಡ. ಹುಣಸೆಹಣ್ಣು ಕುಟ್ಟುವ ಕಾಲ. ಎಷ್ಟು ತೊಳೆದರೂ ಕೈಯ ಅಂಟು ಹೋಗಲ್ಲ, ಕಾಗದಕ್ಕೂ ಮೆತ್ತಿಕೊಳ್ಳುತ್ತೆ.

ನೀನು ಫೋನಿನಲ್ಲಿ ಹೇಳಿಕೊಟ್ಟ ಇಂಗ್ಲಿಷ್ ಮಾತುಗಳನ್ನು ದಿನಾ ಬಾಯಿಪಾಠ ಮಾಡ್ತಿದ್ದೀನಿ. ಟೀಮ್, ಪಾರ್ಟ್ನರ್, ಕನೆಕ್ಟ್, ಸಪೋರ್ಟ್. ಕೊಲಾಬರೇಷನ್ ಮಾತ್ರ ನಮ್ಮೂರ ಆಟೋ ತರಹ, ಅರ್ಧ ದಾರೀಲಿ ಕೆಟ್ಟು ನಿಲ್ಲುತ್ತೆ. ಸೋಮವಾರ ಚೆನ್ನೈಯಿಂದ ಹಣ್ಣು ಕೊಳ್ಳೋರು ಬರ್ತಾರೆ. ನಮ್ಮ ಹೆಂಗಸರ ಗುಂಪು ಒಟ್ಟಾಗಿ ಕೆಲಸ ಮಾಡುತ್ತೆ ಅಂತ ನಂಬಿಕೆ ಬಂದರೆ, ದಳ್ಳಾಳಿಗಳಿಲ್ಲದೆ ಹಣ್ಣು ನೇರ ಅವರಿಗೇ. ನನಗೆ ಓದು ಬರುತ್ತೆ ಅಂತ ಮಾತಾಡೋಕೆ ನನ್ನನ್ನೇ ನಿಲ್ಲಿಸ್ತಿದ್ದಾರೆ. ಬಸ್ಸಿನ ಬೋರ್ಡು, ನಿನ್ನ ಹಳೇ ಪುಸ್ತಕ ನೋಡಿ ಕಲಿತ ಓದು!

ನಮ್ಮ ಗುಂಪಿನ ಉಚ್ಚಂಗಮ್ಮನ ಗೇಲಿ ನೀನು ಕೇಳಬೇಕು. "ಲೇ ಪಾರ್ಟ್ನರೂ, ಒಂದು ಎಲೆ-ಅಡಿಕೆ ಸಪೋರ್ಟ್ ಮಾಡೇ" ಅಂತಾಳೆ. ಎಲ್ಲರೂ ಹಣ್ಣು ಕುಟ್ಟುವ ಕೊಡತಿ ಕೆಳಗಿಟ್ಟು ನಗ್ತಾರೆ. ಗುಂಪಿಗೆ ತಿಳಿವಳಿಕೆ ಹೇಳೋಕೆ ಬರುವ ಪ್ರಸಾದ್ ಮಾತ್ರ ನಗಲ್ಲ. "ಅಕ್ಕಾ, ಅಂದರೂ ಉಂಡಾಲಿ, ಎಲ್ಲರೂ ಇರಬೇಕು. ಒಬ್ಬರು ತಪ್ಪಿದರೂ ಟೀಮ್ ಅಂತ ಯಾರು ನಂಬ್ತಾರೆ?" ಅಂತ ಅರ್ಧ ತೆಲುಗಲ್ಲಿ, ಅರ್ಧ ಕನ್ನಡದಲ್ಲಿ ಎಚ್ಚರಿಸ್ತಾನೆ.

ಒಬ್ಬರು ತಪ್ಪಿದ್ದಾರೆ ಮಗಳೇ. ಹೋದ ವಾರದಿಂದ ಕುಟ್ಟೋಕೆ ಕೂತರೆ ನನ್ನ ಎಡಗಡೆ ಜಾಗ ಖಾಲಿ. ಅಲ್ಲಿ ಯಾರೂ ಕೂರಲ್ಲ, ಅದರ ಮಾತೂ ಎತ್ತಲ್ಲ. ಸೋಮವಾರವೂ ಹಾಗೇ ಇದ್ದರೆ ಟೀಮ್ ಅನ್ನೋ ಮಾತು ನನ್ನ ಬಾಯಿಂದ ಹೊರಡೋದಿಲ್ಲ.

ಹೊಲಿಗೆ ಮಧ್ಯೆ ಎದ್ದು ಓಡಾಡು. ನಿಮ್ಮಿಬ್ಬರ ಬಾಳು ತಂಪಾಗಿರಲಿ.

ನಿನ್ನ ದೊಡ್ಡಮ್ಮ
ನಾಗಕ್ಕ

ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗಿಟ್ಟದ್ದು: ಆ ಜಾಗ ನಿಮ್ಮಮ್ಮ ಮೈಲಾರಮ್ಮನದು. ಮುಯ್ಯಾಳಿಗೆ ಯಾರೂ ಯಾರನ್ನೂ ಕರೆಯೋದಿಲ್ಲ, ನಿನಗೇ ಗೊತ್ತು. ಇವತ್ತು ಅವಳ ಮನೆ ಹಣ್ಣು ನಾನು ಕುಟ್ಟಿದರೆ, ನಾಳೆ ಅವಳೇ ನನ್ನ ಜಗಲಿಗೆ ಬರ್ತಾಳೆ. ಹೇಳಿ ಕಳಿಸೋದು ಕೂಲಿಯವರಿಗೆ. ಹೊಸ ಮಾತು ಕಲಿತ ಹುರುಪಿನಲ್ಲಿ ನಾನು ಎಲ್ಲರ ಫೋನಿಗೂ "ನಾಳೆ ನಮ್ಮ ಮನೆಗೆ ಬಂದು ಜಾಯಿನ್ ಆಗಿ" ಅಂತ ವಾಯ್ಸ್ ಮೆಸೇಜು ಕಳಿಸಿಬಿಟ್ಟೆ. ಉಳಿದವರು ನಕ್ಕೊಂಡು ಬಂದು ಕೂತರು. ನಿಮ್ಮಮ್ಮ ಬಾಗಿಲಲ್ಲೇ ನಿಂತಳು. "ಸೊಸೆಯಾಗಿ ಈ ಮನೆಗೆ ಬಂದಾಗಿಂದ ನಿನ್ನ ಪಕ್ಕ ಕೂತವಳು ನಾನು. ಈಗ ನನ್ನನ್ನೂ ಹೇಳಿ ಕಳಿಸಿ ಕರೆಸ್ಕೋತೀಯಾ ಅಕ್ಕಾ?" ಅಂದು ಹೊರಟೇಹೋದಳು. ತಪ್ಪಾಯ್ತು ಅನ್ನೋಕೆ ಹೋದರೆ ಬಾಗಿಲು ತೆಗೀಲಿಲ್ಲ.

ನೀನು ಫೋನ್ ಮಾಡಿ ಒಪ್ಪಿಸೋಕೆ ಹೋಗಬೇಡ. ಅದೂ ಹೇಳಿ ಕಳಿಸಿದ ಹಾಗೇ ಆಗುತ್ತೆ. ನಾಳೆ ಅವಳ ಮನೆ ಹಣ್ಣಿನ ಸರದಿ. ನನ್ನನ್ನು ಯಾರೂ ಕರೆದಿಲ್ಲ. ಬೆಳಿಗ್ಗೆ ಕೊಡತಿ ಹಿಡ್ಕೊಂಡು ಹೋಗಿ ಅವಳ ಜಗಲಿ ಮೇಲೆ ಕೂತ್ಕೋತೀನಿ. ಅವಳು ಮಾತಾಡದಿದ್ದರೂ ಪರವಾಗಿಲ್ಲ, ಹಣ್ಣಿನ ಮೊರ ನನ್ನ ಕಡೆ ತಳ್ಳಿದರೆ ಸಾಕು.