ಜಾಲತಾಣದಲ್ಲಿ ಮುಚ್ಚಿರುವ ನಮ್ಮ ಬೀದಿಯ ಚರಂಡಿ

ಮಾನ್ಯರೇ,

ನಗರದ ಬಜೆಟ್ಟನ್ನೂ ಕಾಮಗಾರಿಗಳನ್ನೂ ಜನರ ಮುಂದಿಡುವ ಜಾಲತಾಣಕ್ಕೆ ತಾವು ಮುಖ್ಯಸ್ಥರು. ಅದರಲ್ಲಿ ನಮ್ಮ ಗಾಣದ ಬೀದಿಯ ಚರಂಡಿಗೆ ಚಪ್ಪಡಿ ಹಾಸುವ ಕೆಲಸ ‘ಪೂರ್ಣ’ ಎಂದಿದೆ. ಅಲ್ಲಿ ಒಂದು ಚಪ್ಪಡಿಯೂ ಬಿದ್ದಿಲ್ಲ. ಬಿದ್ದವರು ಮುನಿಕೆಂಪಮ್ಮ. ಜೂನ್ ತಿಂಗಳ ಒಂದು ಬೆಳಿಗ್ಗೆ ಹಾಲು ತರಲು ಹೊರಟವರು ಆ ತೆರೆದ ಚರಂಡಿಗೆ ಬಿದ್ದು ಸೊಂಟ ಮುರಿದುಕೊಂಡರು, ಇಪ್ಪತ್ತಮೂರನೇ ದಿನ ತೀರಿಕೊಂಡರು. ಈ ಪತ್ರದಲ್ಲಿರುವ ಸಿಟ್ಟೆಲ್ಲ ತಮ್ಮ ಮೇಲಿನದಲ್ಲ, ಅರ್ಧ ನನ್ನ ಮೇಲಿನದು. ಯಾಕೆಂದು ಹೇಳುತ್ತೇನೆ.

ನಾನು ಗದಗದ ಕಡೆಯವಳು. ಯಲಹಂಕದ ಹತ್ತಿರದ ಕಾಲೇಜೊಂದಕ್ಕೆ ಗ್ರಂಥಪಾಲಕಿಯಾಗಿ ಬಂದಾಗಿನಿಂದಲೂ ಮುನಿಕೆಂಪಮ್ಮನವರ ಮನೆಯಲ್ಲೇ ಬಾಡಿಗೆಗಿದ್ದೇನೆ. ನಾನು ಬಂದಾಗ ನಮ್ಮದಿನ್ನೂ ಹಳ್ಳಿ. ಪ್ರತಿ ವರ್ಷ ಪಂಚಾಯಿತಿ ಕಚೇರಿಯ ಗೋಡೆಗೆ ಸುಣ್ಣ ಹೊಡೆದು, ಪೇಂಟರ್ ಆವಲಪ್ಪ ಆ ವರ್ಷದ ಕೆಲಸಗಳನ್ನೆಲ್ಲ ನೀಲಿ ಬಣ್ಣದಲ್ಲಿ ಬರೆಯುತ್ತಿದ್ದ. ಯಾವ ಬೀದಿ, ಎಷ್ಟು ಚಪ್ಪಡಿ, ಎಷ್ಟು ಹಣ, ಗುತ್ತಿಗೆದಾರ ಯಾರು, ಎಲ್ಲವೂ. ಮುನಿಕೆಂಪಮ್ಮನವರಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ನನ್ನಿಂದ ಒಮ್ಮೆ ಓದಿಸಿಕೊಂಡರೆ ಸಾಕು, ಕೆಲಸ ಮುಗಿದ ದಿನ ಚರಂಡಿಯ ಉದ್ದಕ್ಕೂ ನಡೆದು ಚಪ್ಪಡಿ ಎಣಿಸುತ್ತಿದ್ದರು. ಒಂದು ಸಲ ಎರಡು ಕಡಿಮೆ ಬಂತು. ಗುತ್ತಿಗೆದಾರನನ್ನು ಗೋಡೆಯ ಮುಂದೆ ಕರೆತಂದು ನಿಲ್ಲಿಸಿದರು. ಬೈಯಲಿಲ್ಲ, ಸುಮ್ಮನೆ ಅಂಕಿ ತೋರಿಸಿದರು. ಮಾರನೆಯ ದಿನ ಟ್ರ್ಯಾಕ್ಟರಿನಲ್ಲಿ ಎರಡು ಚಪ್ಪಡಿ ಬಂತು.

ಆಮೇಲೆ ನಾವು ನಗರವಾದೆವು. ಗೋಡೆ ಬರಹ ಹಳ್ಳಿಗಾಡಿನದು, ಪಾರದರ್ಶಕತೆ ಎಂದರೆ ಜಾಲತಾಣ ಎಂದಿರಿ. ತಂತ್ರಾಂಶ ಆರಿಸುವ ಸಮಿತಿಗೆ ಓದುಬರಹ ಬಲ್ಲ ನಾಗರಿಕರ ಪ್ರತಿನಿಧಿಯೆಂದು ನನ್ನನ್ನು ಕರೆದಿರಿ. ಹೆಬ್ಬಾಳದ ಹತ್ತಿರದ ತಣ್ಣನೆಯ ಸಭಾಂಗಣದಲ್ಲಿ ಗೋಡಂಬಿ ತಿನ್ನುತ್ತ ಎರಡು ತಂತ್ರಾಂಶ ನೋಡಿದೆವು. ಮೊದಲನೆಯದು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಿ ತಿದ್ದಿಕೊಳ್ಳಬಹುದಾದದ್ದು. ಬೆಳ್ಳಗಿನ ಪುಟ, ಕನ್ನಡದ ಪಟ್ಟಿ, ಬೀದಿಯ ಹೆಸರು ಒತ್ತಿದರೆ ಕೆಲಸ ಕಾಣುತ್ತಿತ್ತು. ‘ಆಗಿಲ್ಲ’ ಎಂದು ಜನರೇ ಬರೆಯಲು ಪಕ್ಕದಲ್ಲಿ ಜಾಗವಿತ್ತು. ಎರಡನೆಯದರಲ್ಲಿ ತಿರುಗುವ ನಕ್ಷೆ, ಬಣ್ಣದ ಚಕ್ರಗಳು. ಕನ್ನಡದಲ್ಲಿ ಹುಡುಕಬಹುದೇ ಎಂದು ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. ಮುಂದಿನ ಹಂತದಲ್ಲಿ ಬರುತ್ತದೆ ಎಂದರು. ಮೂವತ್ತು ವರ್ಷ ಪುಸ್ತಕದ ಸೂಚಿ ಬರೆದವಳು, ಹುಡುಕಿದರೆ ಸಿಗದ ಪುಸ್ತಕ ಇದ್ದೂ ಇಲ್ಲದಂತೆ ಎಂದು ಬಲ್ಲವಳು, ಬಣ್ಣಕ್ಕೆ ಮರುಳಾಗಿ ಎರಡನೆಯದಕ್ಕೆ ಸಹಿ ಹಾಕಿದೆ.

ಮನೆಗೆ ಬಂದು ಹೆಮ್ಮೆಯಿಂದ ಹೇಳಿದಾಗ ಮುನಿಕೆಂಪಮ್ಮ ಎಲೆಅಡಿಕೆ ಮಡಿಸುತ್ತಿದ್ದರು. “ಗ್ವಾಡೆ ಮ್ಯಾಲೆ ಬರುದ್ರೆ ದಿನಾ ಅದ್ರ ಮುಂದೇನೇ ಓಡಾಡ್ಬೇಕು ರತ್ನಕ್ಕ, ನಾಚ್ಕೆ ಆಯ್ತದೆ. ಆ ಪೆಟ್ಗೇಲಿ ಯಾರ್ ನೋಡ್ತಾರೆ?” ಎಂದರು. ನಾನು ನಕ್ಕೆ. ಆ ನಗು ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ತಮಗೆ ಬೇಕು, ಕನ್ನಡಿಗೂ ಪಾಸ್‌ವರ್ಡ್ ಬೇಕು. ಮುನಿಕೆಂಪಮ್ಮ ಆಸ್ಪತ್ರೆ ಸೇರಿದ ಮೇಲೆ ಒಟಿಪಿಗಾಗಿ ಎರಡು ದಿನ ಕಾದು, ಅಡ್ಡಡ್ಡ ಮಲಗಿದ್ದ ಸ್ಕ್ಯಾನ್ ಪುಟಗಳನ್ನು ಕತ್ತು ಓರೆ ಮಾಡಿ ಓದಿದಾಗ ನನಗೆ ಆ ‘ಪೂರ್ಣ’ ಕಂಡಿತು. ನಮ್ಮ ವಾರ್ಡ್ ಕಚೇರಿಯ ಗುಮಾಸ್ತ ಮುನಿಕೃಷ್ಣಪ್ಪನವರ ಬಳಿ ಓಡಿದೆ. ಅವರು ಕೆಟ್ಟವರಲ್ಲ. ತಲೆ ಎತ್ತದೆ ಹೇಳಿದರು: “ಮೇಡಂ, ‘ಪೂರ್ಣ’ ಅಂತ ಒತ್ತದೆ ಇದ್ರೆ ಮಾರ್ಚ್ ಲೆಕ್ಕ ಕ್ಲೋಸೇ ಆಗಲ್ಲ, ಹೊಸ ವರ್ಷದ್ದು ಓಪನ್ನೂ ಆಗಲ್ಲ. ಏಪ್ರಿಲಲ್ಲಿ ಸರಿ ಮಾಡೋಣ ಅಂದ್ಕೊಂಡೆ. ಅಷ್ಟೊತ್ತಿಗೆ ಲಾಕ್ ಆಗೋಗಿತ್ತು.” ಗುತ್ತಿಗೆದಾರ ಬರಲಿಲ್ಲವೆಂದು ನಿಂತುಹೋಗಿದ್ದ ಕೆಲಸ, ಒಂದು ಗುಂಡಿ ಒತ್ತಿ ಮುಗಿದುಹೋಯಿತು. ಮುಗಿದ ಕೆಲಸಕ್ಕೆ ಮತ್ತೆ ಹಣ ಕೇಳುವಂತಿಲ್ಲವಂತೆ. ಅಂದರೆ ಆ ಚರಂಡಿ ಇನ್ನು ಮುಚ್ಚುವುದೇ ಇಲ್ಲ. ನಾನು ಕೊಟ್ಟ ದೂರನ್ನು ತಮ್ಮ ತಂತ್ರಾಂಶ ನಾಲ್ಕೇ ನಿಮಿಷದಲ್ಲಿ ವಿಲೇವಾರಿ ಮಾಡಿತು: ಸದರಿ ಸ್ಥಳದಲ್ಲಿ ಚರಂಡಿ ಮುಚ್ಚಲಾಗಿದೆ. ಎಂಥ ದಕ್ಷತೆ, ಮಾನ್ಯರೇ! ಇಷ್ಟು ಬೇಗ ಆಂಬುಲೆನ್ಸ್ ಬಂದಿದ್ದರೆ?

ಆ ಉತ್ತರವನ್ನು ಬುದ್ಧಿಯಿಲ್ಲದೆ ಆಸ್ಪತ್ರೆಯಲ್ಲಿ ಅವರಿಗೆ ಓದಿ ಹೇಳಿದೆ. ಮೊದಲಿನಿಂದಲೂ ಅವರಿಗೆ ಎಲ್ಲವನ್ನೂ ಓದಿ ಹೇಳಿದವಳಲ್ಲವೇ? ಕೋಪವೇನೂ ಇರಲಿಲ್ಲ, ನಿಜವಾಗಿಯೂ ಅರ್ಥವಾಗದವರಂತೆ ಕೇಳಿದರು: “ಅಂಗಾರೆ ನಾನ್ ಬಿದ್ದಿದ್ದು ಎಲ್ಲಿಗೆ, ರತ್ನಕ್ಕ?”

ಅದಾಗಿ ಆರು ದಿನಕ್ಕೆ ಅವರು ಹೋದರು.

ಪರಿಹಾರ ಕೇಳಲು ಈ ಪತ್ರ ಬರೆಯುತ್ತಿಲ್ಲ. ಮುಂದಿನ ಸಲ ತಂತ್ರಾಂಶ ಆರಿಸುವಾಗ ನನ್ನಂಥವರನ್ನು ಕರೆಯಬೇಡಿ. ಯಾವುದಾದರೂ ಬೀದಿಯಿಂದ ಹತ್ತು ಜನರನ್ನು ಕೂರಿಸಿ, ನಿಮ್ಮ ಬೀದಿಯ ಕೆಲಸ ಹುಡುಕಿ ಎನ್ನಿ. ಯಾವುದರಲ್ಲಿ ಅವರಿಗೆ ಸಿಗುತ್ತದೋ ಅದನ್ನು ತನ್ನಿ. ಅದಕ್ಕೂ ಮೊದಲು, ಇವತ್ತೇ, ಆ ಬೀಗ ತೆಗೆಸಿ ಗಾಣದ ಬೀದಿಯ ಸಾಲನ್ನು ತಿದ್ದಿ. ಚರಂಡಿ ತೆರೆದಿತ್ತು ಎಂದು ಬರೆಯಿರಿ. ಅಲ್ಲಿ ಒಬ್ಬ ಹೆಂಗಸು ಬಿದ್ದಳು ಎಂದು ಬರೆಯಿರಿ. ಸತ್ತವರನ್ನು ಸುಳ್ಳುಗಾರರನ್ನಾಗಿ ಮಾಡಬೇಡಿ.

ಇಂತಿ,
ತಮ್ಮ ಸಮಿತಿಯ ಕಡತದಲ್ಲಿ ‘ಸಂಪೂರ್ಣ ತೃಪ್ತಿಕರ’ ಎಂದು ಬರೆದು ಸಹಿ ಮಾಡಿದ
ರತ್ನಕ್ಕ
ಗಾಣದ ಬೀದಿ